ದಾರಿ ತಡೆದರೆ ಕೂಡಿಹಾಕಿದಂತೆಯೇ? ಇಂಗ್ಲೆಂಡಿನ ಕನ್ನಡಿಗರು ತಿಳಿದಿರಬೇಕಾದ 1845ರ ಒಂದು ದಾವೆ

ನಮ್ಮ ಊರಿನ ಠಾಣೆಗಳಲ್ಲಿ ಬರೆಸುವ ದೂರುಗಳಲ್ಲಿ ‘ಅಡ್ಡಗಟ್ಟಿ ತಡೆದು, ಕೈಯಿಂದ ಹೊಡೆದು’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಹೋಗುವ ಹಕ್ಕಿರುವ ದಿಕ್ಕಿಗೆ ಒಬ್ಬರನ್ನು ಹೋಗಗೊಡದಿರುವುದೇ ಭಾರತದಲ್ಲಿ ಅಪರಾಧ. 1860ರ ದಂಡ ಸಂಹಿತೆಯ 339ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಲ್ಲಿದೆ. ಅದೇ ತಿಳಿವಳಿಕೆಯಿಂದ ಇಂಗ್ಲೆಂಡಿನಲ್ಲಿ ಅಕ್ರಮ ಬಂಧನಕ್ಕೆ ಪರಿಹಾರ ಕೇಳಲು ಹೊರಟವರಿಗೆ ಬರ್ಡ್ ಮತ್ತು ಜೋನ್ಸ್ ನಡುವಿನ ದಾವೆ ಎದುರಾಗುತ್ತದೆ.

ಥೇಮ್ಸ್ ನದಿಯಲ್ಲಿ ದೋಣಿ ಪಂದ್ಯವಿತ್ತು. ಅದನ್ನು ನೋಡುವವರಿಗೆ ಆಸನ ಹಾಕಲು ಹ್ಯಾಮರ್‌ಸ್ಮಿತ್ ಸೇತುವೆಯ ಕಾಲುದಾರಿಯ ಒಂದು ಭಾಗಕ್ಕೆ ಬೇಲಿ ಕಟ್ಟಿದ್ದರು. ಸಾರ್ವಜನಿಕ ದಾರಿಯಲ್ಲಿ ನಡೆಯುವುದು ತನ್ನ ಹಕ್ಕೆಂದು ಬರ್ಡ್ ಬೇಲಿ ಹತ್ತಿದರು. ಸೇತುವೆ ಕಂಪನಿಯ ಗುಮಾಸ್ತ ಜೋನ್ಸ್ ಕೋಟು ಹಿಡಿದೆಳೆದರೂ ಬರ್ಡ್ ಒಳಗಿಳಿದರು. ಅಲ್ಲಿ ನಿಂತಿದ್ದ ಇಬ್ಬರು ಪೊಲೀಸರು, ಮುಂದೆ ಬಿಡುವುದಿಲ್ಲ, ಬಂದ ದಾರಿಯಲ್ಲಿ ಹಿಂದಿರುಗಿ ಇನ್ನೊಂದು ಬದಿಯಿಂದ ಹೋಗಿ ಎಂದರು. ಬರ್ಡ್ ಸುಮಾರು ಅರ್ಧ ಗಂಟೆ ಕದಲಲಿಲ್ಲ. ಕೊನೆಗೆ ನುಗ್ಗಲು ಹೋಗಿ ಗುಮಾಸ್ತನ ಮೇಲೆ ಕೈಮಾಡಿದಾಗ ಅವರನ್ನು ವಶಕ್ಕೆ ತೆಗೆದುಕೊಂಡರು.

ಆ ಅರ್ಧ ಗಂಟೆ ಬಂಧನವಾಗಿದ್ದರೆ ಕೈಮಾಡಿದ್ದು ಬಿಡಿಸಿಕೊಳ್ಳಲು ಎನ್ನಬಹುದಿತ್ತು. ಅಲ್ಲವಾಗಿದ್ದರೆ ತಪ್ಪು ಬರ್ಡ್ ಅವರದೇ. ಹಿಂದಕ್ಕೆ ದಾರಿ ತೆರೆದಿದ್ದಾಗ ಒಂದು ದಿಕ್ಕನ್ನು ಮಾತ್ರ ತಡೆಯುವುದು ಬಂಧನವಲ್ಲ, ಬಂಧನವೆಂದರೆ ಎಲ್ಲ ಕಡೆಯಿಂದಲೂ ತಡೆ, ಅದು ಎಷ್ಟೇ ಅಲ್ಪ ಕಾಲದ್ದಾದರೂ ಸರಿ ಎಂದು ಮೂವರು ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಮುಖ್ಯ ನ್ಯಾಯಮೂರ್ತಿ ಲಾರ್ಡ್ ಡೆನ್ಮನ್ ಒಪ್ಪಲಿಲ್ಲ: ಹಕ್ಕಿರುವ ಕೆಲಸವನ್ನು ತಡೆದ ಮೇಲೆ ಬೇರೇನನ್ನೋ ಮಾಡಲು ಬಿಟ್ಟರೆ ಏನಾಯಿತು ಎಂಬುದು ಅವರ ವಾದ. ನನ್ನ ಮನಸ್ಸು ಡೆನ್ಮನ್ ಅವರ ಕಡೆಗೇ ವಾಲುತ್ತದೆ, ಆದರೆ ಉಳಿದು ಬಂದ ಕಾನೂನು ಆ ಮೂವರದು.

ಆದ್ದರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ (ಸ್ಕಾಟ್ಲೆಂಡಿನ ಕಾನೂನು ಬೇರೆ) ಅಂಗಡಿಯ ಸೆಕ್ಯುರಿಟಿಯವರು ನಿಮ್ಮನ್ನು ಒಳಗೆ ಬಿಡದಿದ್ದರೆ ಅದು ಬಂಧನವಲ್ಲ. ಹೊರಗೆ ಹೋಗಬಿಡದೆ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ ಕೂರಿಸಿದರೆ ಅದು ಬಂಧನ. ಅಂಥ ಸಂದರ್ಭದಲ್ಲಿ ‘ನಾನು ಹೋಗಬಹುದೇ?’ ಎಂದು ಸ್ಪಷ್ಟವಾಗಿ ಕೇಳಿ, ಉತ್ತರವನ್ನೂ ವೇಳೆಯನ್ನೂ ಬರೆದಿಟ್ಟುಕೊಳ್ಳಿ. ಬರ್ಡ್ ಅವರಂತೆ ಕೈಮಾಡಬೇಡಿ.

ಬಂಧನ ನಡೆಯಿತೆಂದು ನೀವು ತೋರಿಸಿದರೆ ಸಾಕು, ಅದಕ್ಕೆ ಕಾನೂನಿನ ಆಧಾರವಿತ್ತೆಂದು ಸಾಬೀತುಪಡಿಸುವ ಹೊಣೆ ಬಂಧಿಸಿದವರದು. ಪೆಟ್ಟಾಗಿದೆ, ಹಣ ಹೋಗಿದೆ ಎಂದು ನೀವು ತೋರಿಸಬೇಕಾಗಿಲ್ಲ. ಸಿವಿಲ್ ದಾವೆಗಳಲ್ಲಿ ಜ್ಯೂರಿ ಬಹುತೇಕ ಇಲ್ಲವಾಗಿದ್ದರೂ ಅಕ್ರಮ ಬಂಧನದ ದಾವೆಯಲ್ಲಿ ಅದನ್ನು ಕೇಳುವ ಹಕ್ಕು ಸಾಮಾನ್ಯವಾಗಿ ಇಂದಿಗೂ ಉಳಿದಿದೆ. ದಾವೆ ಹೂಡಲು ಸಾಮಾನ್ಯವಾಗಿ 6 ವರ್ಷಗಳ ಅವಧಿಯಿದೆ. ಜೊತೆಗೆ ಹಲ್ಲೆಯಿಂದ ದೇಹಕ್ಕೆ ಗಾಯವಾಗಿದ್ದು ಅದಕ್ಕೂ ಪರಿಹಾರ ಕೇಳುವುದಾದರೆ ಆ ಅವಧಿ 3 ವರ್ಷ ಮಾತ್ರ, ಆದ್ದರಿಂದ ಗಾಯವಾದವರು ಸಾಲಿಸಿಟರ್ ಅವರನ್ನು ಬೇಗ ಕಾಣಬೇಕು.