ಫಿಲ್ಟರ್ ಹಾಕಿದ ವಿಡಿಯೊವನ್ನು ಹೊರಗಿನ ಮಾನಿಟರ್‌ನಲ್ಲಿ ನೋಡುವಾಗ: ನನ್ನ ಅನುಭವ

ಎಡಿಟಿಂಗ್ ಸಾಫ್ಟ್‌ವೇರ್‌ನ ಪುಟ್ಟ ಪ್ರಿವ್ಯೂ ಕಿಟಕಿಯನ್ನು ನಂಬಿ ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿ ಕುಣಿಯುವ ಕಾಳುಕಾಳು ಚುಕ್ಕಿ ತಗ್ಗಿಸುವುದು), ಶಾರ್ಪನ್ (ಅಂಚು ಚೂಪಾಗಿಸುವುದು), ಗ್ರೇನ್ (ಫಿಲ್ಮಿನಂಥ ಕಾಳು ಸೇರಿಸುವುದು) ಇಂಥ ಫಿಲ್ಟರ್‌ಗಳ ಪ್ರಮಾಣ ತೀರ್ಮಾನಿಸಲು ಆಗುವುದಿಲ್ಲ. ಕಾರಣ ಸರಳ. 1920 ಪಿಕ್ಸೆಲ್ ಅಗಲದ ಚಿತ್ರವನ್ನು 900 ಪಿಕ್ಸೆಲ್ ಜಾಗಕ್ಕೆ ಕುಗ್ಗಿಸಿದಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಸರಾಸರಿಯಾಗಿ ಬೆರೆತು, ಇರುವ ನಾಯ್ಸ್ ಅರ್ಧಕ್ಕರ್ಧ ಅಲ್ಲೇ ಮಾಯವಾಗುತ್ತದೆ. ಅದನ್ನು ನೋಡಿ ಫಿಲ್ಟರ್ ಸಾಕು ಎಂದುಕೊಂಡರೆ ದೊಡ್ಡ ಪರದೆಯಲ್ಲಿ ಕಾಳುಕಾಳಾಗಿ ಕಾಣುತ್ತದೆ. ಹಾಗೆಂದು ಒಂದು ಟಿವಿ ತಂದು ಕೇಬಲ್ ಚುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಫಿಲ್ಟರ್‌ನಿಂದ ಹೊರಟ ಚಿತ್ರ ಕಣ್ಣಿಗೆ ತಲುಪುವ ಮೊದಲು ಸಾಫ್ಟ್‌ವೇರ್, ಆಪರೇಟಿಂಗ್ ಸಿಸ್ಟಂ, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಹೀಗೆ ನಾಲ್ಕು ಕೈ ದಾಟುತ್ತದೆ. ಪ್ರತಿಯೊಂದಕ್ಕೂ ಚಿತ್ರವನ್ನು ಕೇಳದೇ ತಿದ್ದುವ ಚಾಳಿ ಇದೆ. ಈ ನಾಲ್ಕನ್ನೂ ಸುಮ್ಮನಾಗಿಸಿದ ಮೇಲಷ್ಟೇ ನಾನು ಫಿಲ್ಟರ್‌ನ ಸ್ಲೈಡರ್ ಮುಟ್ಟುವುದು.

ಚಿತ್ರವನ್ನು ಹೊರಗೆ ಕಳಿಸಲು ಎರಡು ದಾರಿಗಳಿವೆ. ಒಂದು, ಗ್ರಾಫಿಕ್ಸ್ ಕಾರ್ಡ್‌ನ ಎರಡನೇ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್. ಇದಕ್ಕೆ ಬೇರೆ ಖರ್ಚಿಲ್ಲ, ಆದರೆ ಚಿತ್ರ ಆಪರೇಟಿಂಗ್ ಸಿಸ್ಟಂ ಮೂಲಕವೇ ಹೋಗಬೇಕು. ಇನ್ನೊಂದು, ವಿಡಿಯೊಗೆಂದೇ ಇರುವ ಔಟ್‌ಪುಟ್ ಸಾಧನ. ಡೆಸ್ಕ್‌ಟಾಪ್ ಆದರೆ ಪಿಸಿಐಇ ಸ್ಲಾಟ್‌ಗೆ ಡೆಕ್‌ಲಿಂಕ್ ಮಿನಿ ಮಾನಿಟರ್ 4ಕೆ ಎಂಬ ಕಾರ್ಡ್, ಥಂಡರ್‌ಬೋಲ್ಟ್ ಇರುವ ಲ್ಯಾಪ್‌ಟಾಪ್ ಆದರೆ ಅಲ್ಟ್ರಾಸ್ಟುಡಿಯೊ ಮಾನಿಟರ್ 3ಜಿ. ಇವು ವಿಂಡೋಸ್‌ಗಾಗಲೀ ಮ್ಯಾಕ್‌ಗಾಗಲೀ ಇನ್ನೊಂದು ಡೆಸ್ಕ್‌ಟಾಪ್ ಪರದೆಯಾಗಿ ಕಾಣುವುದೇ ಇಲ್ಲ. ಸಾಫ್ಟ್‌ವೇರ್ ಕೊಟ್ಟ ಸಿಗ್ನಲ್ ನೇರ ತಂತಿಗಿಳಿಯುತ್ತದೆ. ಬಣ್ಣದ ಕೆಲಸ ಮುಖ್ಯವಾದವರಿಗೆ ಎರಡನೆಯದೇ ಸರಿ. ಬರೀ ನಾಯ್ಸ್, ಶಾರ್ಪ್‌ನೆಸ್ ನೋಡುವುದಾದರೆ ಮೊದಲನೆಯದು ಧಾರಾಳ ಸಾಕು, ಆದರೆ ಸೆಟ್ಟಿಂಗ್ ಒಂದೊಂದನ್ನೂ ಪರೀಕ್ಷಿಸಿಕೊಳ್ಳಬೇಕು.

ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್‌ನ ಪ್ಲೇಬ್ಯಾಕ್ ವಿಭಾಗಕ್ಕೆ ಹೋಗಿ ಮರ್ಕ್ಯುರಿ ಟ್ರಾನ್ಸ್‌ಮಿಟ್ ಆನ್ ಮಾಡಿ, ಪಟ್ಟಿಯಲ್ಲಿ ಎರಡನೇ ಮಾನಿಟರ್‌ಗೆ ಟಿಕ್ ಹಾಕಬೇಕು. ಬೇರೆ ಕಿಟಕಿಯ ಮೇಲೆ ಕ್ಲಿಕ್ ಮಾಡಿದ ಕೂಡಲೇ ಚಿತ್ರ ಹೋಗಿಬಿಡುತ್ತದೆ ಎಂದರೆ, ಹಿನ್ನೆಲೆಯಲ್ಲಿರುವಾಗ ವಿಡಿಯೊ ಔಟ್‌ಪುಟ್ ನಿಲ್ಲಿಸು ಎಂಬ ಟಿಕ್ ಅದೇ ವಿಭಾಗದಲ್ಲಿ ಉಳಿದಿದೆ ಎಂದರ್ಥ. ತೆಗೆಯಿರಿ. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಿಫರೆನ್ಸಸ್, ಸಿಸ್ಟಂ, ವಿಡಿಯೊ ಆ್ಯಂಡ್ ಆಡಿಯೊ ಐಓ ಎಂಬಲ್ಲಿ ಸಾಧನ ಆರಿಸಿ. ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ವಿಡಿಯೊ ಮಾನಿಟರಿಂಗ್ ವಿಭಾಗದಲ್ಲಿ ಟೈಮ್‌ಲೈನ್‌ನ ಫ್ರೇಮ್ ರೇಟ್‌ಗೆ ಹೊಂದುವ ಫಾರ್ಮ್ಯಾಟ್, 10 ಬಿಟ್ ಆಳ, ಡೇಟಾ ಲೆವೆಲ್ 'ವಿಡಿಯೊ' ಎಂದು ಕೊಡಿ. ವೇಗಸ್‌ನಲ್ಲಿ ಪ್ರಿಫರೆನ್ಸಸ್‌ನ ಪ್ರಿವ್ಯೂ ಡಿವೈಸ್ ಟ್ಯಾಬ್‌ನಲ್ಲಿ ಸೆಕೆಂಡರಿ ಡಿಸ್‌ಪ್ಲೇ ಆರಿಸಬೇಕು. ಶಾಟ್‌ಕಟ್‌ನಲ್ಲಿ ಎಕ್ಸ್‌ಟರ್ನಲ್ ಮಾನಿಟರ್ ಎಂಬ ಮೆನುವೇ ಇದೆ.

ಗ್ರಾಫಿಕ್ಸ್ ಕಾರ್ಡ್ ದಾರಿ ಹಿಡಿದವರಿಗೆ ಆಪರೇಟಿಂಗ್ ಸಿಸ್ಟಂ ಕಡೆಯ ಕೆಲಸ ಸ್ವಲ್ಪ ಇದೆ. ಪರದೆಗಳನ್ನು ಡೂಪ್ಲಿಕೇಟ್ ಅಲ್ಲ, ಎಕ್ಸ್‌ಟೆಂಡ್ ಮಾಡಿಕೊಳ್ಳಿ. ಡೂಪ್ಲಿಕೇಟ್ ಮಾಡಿದರೆ ಎರಡೂ ಪರದೆಗೆ ಹೊಂದುವ ಒಂದೇ ರೆಸಲ್ಯೂಷನ್, ಒಂದೇ ರಿಫ್ರೆಶ್ ರೇಟ್‌ಗೆ ಕಟ್ಟುಬೀಳಬೇಕಾಗುತ್ತದೆ. ಹೊರಗಿನ ಪರದೆಗೆ ಅದರ ಸ್ವಂತ ರೆಸಲ್ಯೂಷನ್ ಕೊಟ್ಟು ಸ್ಕೇಲಿಂಗ್ ಶೇ 100ಕ್ಕೆ ಇಡಿ. ವಿಂಡೋಸ್‌ನ ನೈಟ್ ಲೈಟ್, ಮ್ಯಾಕ್‌ನ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್ ಆಫ್ ಇರಲಿ. ಎಸ್‌ಡಿಆರ್ (ಮಾಮೂಲಿ ಹೊಳಪಿನ ವ್ಯಾಪ್ತಿಯ ವಿಡಿಯೊ) ಕೆಲಸವಾದರೆ ವಿಂಡೋಸ್‌ನ ಎಚ್‌ಡಿಆರ್ (ಹೆಚ್ಚು ಹೊಳಪಿನ ವ್ಯಾಪ್ತಿ) ಸ್ವಿಚ್ಚೂ ಆಫ್. ಸಂಜೆ ಏಳರ ಮೇಲೆ ಮಾತ್ರ ಚಿತ್ರ ಹಳದಿಗೆ ತಿರುಗುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ನೋಡಬೇಕಾದ್ದು ನೈಟ್ ಲೈಟ್‌ನ ವೇಳಾಪಟ್ಟಿಯನ್ನು.

ರಿಫ್ರೆಶ್ ರೇಟ್ ವಿಚಾರವನ್ನು ಬಹಳ ಜನ ಕಡೆಗಣಿಸುತ್ತಾರೆ. ಸೆಕೆಂಡಿಗೆ 25 ಫ್ರೇಮ್‌ನ ಟೈಮ್‌ಲೈನ್ ಅನ್ನು 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಬದಲಾಗುವ) ಪರದೆಯಲ್ಲಿ ಓಡಿಸಿದರೆ ಒಂದೊಂದು ಫ್ರೇಮಿಗೆ 2.4 ಸಲ ಪರದೆ ಬದಲಾಗಬೇಕು. ಅರ್ಧ ಸಲ ಬದಲಾಗುವುದು ಸಾಧ್ಯವಿಲ್ಲದ್ದರಿಂದ 2, 2, 3, 2, 3 ಎಂದು ಹಂಚಿಕೆಯಾಗುತ್ತದೆ. ಪ್ಯಾನ್ ಶಾಟ್‌ನಲ್ಲಿ (ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ) ಇದು ಎತ್ತಿನಗಾಡಿಯ ಕುಲುಕಾಟದಂತೆ ಕಾಣುತ್ತದೆ. ಸ್ಟೆಬಿಲೈಸ್ (ಕ್ಯಾಮೆರಾದ ಅಲುಗಾಟ ತಗ್ಗಿಸುವ) ಫಿಲ್ಟರ್ ಹಾಕಿದ ಶಾಟ್‌ನಲ್ಲಂತೂ ಕುಲುಕುತ್ತಿರುವುದು ಫಿಲ್ಟರೋ ಪರದೆಯೋ ಗೊತ್ತಾಗದೆ ಸ್ಮೂತ್‌ನೆಸ್ ಏರಿಸುತ್ತಲೇ ಹೋಗುತ್ತೇವೆ, ಚಿತ್ರದ ಅಂಚು ಕತ್ತರಿಸಿಹೋಗುತ್ತಲೇ ಇರುತ್ತದೆ. 25ಕ್ಕೆ 50 ಹರ್ಟ್ಸ್, 24ಕ್ಕೆ 24 ಅಥವಾ 48, 30ಕ್ಕೆ 60 ಹರ್ಟ್ಸ್ ಇಡಿ. 23.976 ಮತ್ತು 24 ಒಂದೇ ಅಲ್ಲ. 23.976ರ ಟೈಮ್‌ಲೈನ್ ಅನ್ನು ಸರಿಯಾಗಿ 24 ಹರ್ಟ್ಸ್ ಪರದೆಗೆ ಕಳಿಸಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬಂದು ಸಣ್ಣ ತಡೆ ಕಾಣುತ್ತದೆ. ಗಡಿಯಾರ ಇಟ್ಟುಕೊಂಡು ಅಳೆದರೆ ಆ ಅಂತರ ನಿಖರವಾಗಿ ಸಿಗುತ್ತದೆ, ದೋಷ ಎಲ್ಲಿಯದೆಂದು ಅಲ್ಲಿಗೆ ಖಚಿತ.

ಈಗ ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡಿಸುವ ಲೆವೆಲ್ ಗೊಂದಲ. 8 ಬಿಟ್ ವಿಡಿಯೊದಲ್ಲಿ ಕಪ್ಪು 16ರಲ್ಲಿ, ಬಿಳುಪು 235ರಲ್ಲಿ ಇರುತ್ತದೆ. 10 ಬಿಟ್ ಆದರೆ 64 ಮತ್ತು 940. ಇದನ್ನು ಲಿಮಿಟೆಡ್, ವಿಡಿಯೊ ಅಥವಾ ಸ್ಟುಡಿಯೊ ಲೆವೆಲ್ ಎನ್ನುತ್ತಾರೆ. ಕಂಪ್ಯೂಟರ್ ಮಾನಿಟರ್ ನಿರೀಕ್ಷಿಸುವುದು 0ಯಿಂದ 255, ಅದು ಫುಲ್. ಕಳಿಸುವವರು ಒಂದು ಲೆಕ್ಕದಲ್ಲಿ, ತೆಗೆದುಕೊಳ್ಳುವವರು ಇನ್ನೊಂದು ಲೆಕ್ಕದಲ್ಲಿ ಇದ್ದರೆ ಚಿತ್ರ ಕೆಡುತ್ತದೆ. ಪರೀಕ್ಷೆಗೆ ನಾನು ಒಂದು 1920 ಗುಣಿಸು 1080 ಸ್ಟಿಲ್ ಮಾಡಿಟ್ಟುಕೊಂಡಿದ್ದೇನೆ. ಎಡ ಅರ್ಧ 0 ಮೌಲ್ಯದ ಕಪ್ಪು, ಅದರೊಳಗೆ 3, 6, 9, 12 ಮೌಲ್ಯದ ನಾಲ್ಕು ಚೌಕ. ಬಲ ಅರ್ಧ 255ರ ಬಿಳುಪು, ಅದರೊಳಗೆ 252, 249, 246, 243ರ ಚೌಕಗಳು. ಇದನ್ನು ಟೈಮ್‌ಲೈನ್‌ನಲ್ಲಿ ಹಾಕಿ, ಕೋಣೆಯ ದೀಪ ತಗ್ಗಿಸಿ ನೋಡಬೇಕು.

ಎಲ್ಲ ಸರಿಯಿದ್ದರೆ 3ರ ಚೌಕ ಇದೆಯೋ ಇಲ್ಲವೋ ಎಂಬಷ್ಟು ಮಸುಕಾಗಿ, 12ರದು ಸಲೀಸಾಗಿ ಕಾಣುತ್ತದೆ. ನಾಲ್ಕೂ ಕಪ್ಪಿನಲ್ಲಿ ಮುಳುಗಿ, ಬಲಗಡೆಯ ನಾಲ್ಕೂ ಬಿಳುಪಿನಲ್ಲಿ ಕರಗಿದ್ದರೆ ಕಾರ್ಡ್ ಫುಲ್ ಕಳಿಸುತ್ತಿದೆ, ಟಿವಿ ಅದನ್ನು ಲಿಮಿಟೆಡ್ ಎಂದುಕೊಂಡಿದೆ. ಚೌಕಗಳೆಲ್ಲ ಕಂಡರೂ ಕಪ್ಪು ಬೂದಿ ಬಳಿದಂತಿದ್ದು ಬಿಳುಪು ಮಂಕಾಗಿದ್ದರೆ ಅದರ ಉಲ್ಟಾ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ಎಂಬ ಆಯ್ಕೆ ಇದೆ. ಟಿವಿಯಲ್ಲಿ ಅದನ್ನೇ ಬ್ಲ್ಯಾಕ್ ಲೆವೆಲ್, ಎಚ್‌ಡಿಎಂಐ ರೇಂಜ್ ಎಂದು ಏನೇನೋ ಹೆಸರಲ್ಲಿ ಕರೆಯುತ್ತಾರೆ. ಎರಡನ್ನೂ ಒಂದೇ ಕಡೆಗೆ ತನ್ನಿ, 'ಆಟೊ' ಬಿಟ್ಟುಬಿಡಿ. ವೇಗಸ್‌ನಲ್ಲಿ ಸ್ಟುಡಿಯೊ ಆರ್‌ಜಿಬಿಯನ್ನು ಕಂಪ್ಯೂಟರ್ ಆರ್‌ಜಿಬಿಗೆ ಬದಲಿಸುವ ಟಿಕ್ ಪ್ರಿವ್ಯೂ ಡಿವೈಸ್‌ನಲ್ಲೇ ಇದೆ. ಸಾಫ್ಟ್‌ವೇರೂ ತಿದ್ದಿ, ಕಾರ್ಡೂ ತಿದ್ದಿದರೆ ಎರಡು ಸಲ ತಿದ್ದಿದಂತಾಗಿ ಮತ್ತೆ ಮೊದಲಿನ ಕಥೆ. ಮಾಡಲೇಬಾರದ ಕೆಲಸ ಒಂದಿದೆ: ಪರದೆಯಲ್ಲಿ ಕಪ್ಪು ಬೂದಿಯಾಗಿ ಕಂಡಿತೆಂದು ಲೆವೆಲ್ಸ್ ಫಿಲ್ಟರ್ ಹಾಕಿ ಕಪ್ಪನ್ನು ಕೆಳಗಿಳಿಸುವುದು. ಪರದೆಯಲ್ಲಿ ಸರಿ ಕಾಣುತ್ತದೆ, ಎಕ್ಸ್‌ಪೋರ್ಟ್ ಆದ ಫೈಲ್‌ನಲ್ಲಿ ಕೂದಲು, ಕಪ್ಪು ಬಟ್ಟೆ ಎಲ್ಲ ಡಾಂಬರು ಬಳಿದಂತಾಗುತ್ತದೆ. ಸ್ಕೋಪ್‌ನಲ್ಲಿ (ಹೊಳಪಿನ ಮಟ್ಟ ತೋರಿಸುವ ಗ್ರಾಫ್) ಕಪ್ಪು ತಳದ ಗೆರೆ ಮುಟ್ಟಿದ್ದು ಕಣ್ಣಿಗೆ ಮಾತ್ರ ಬೂದಿ ಎನಿಸಿದರೆ ತಪ್ಪು ಕೇಬಲ್‌ನ ಆಚೆ ಕಡೆ ಇದೆ.

ಟಿವಿ ಬಳಸುವವರು ಮೋಷನ್ ಸ್ಮೂದಿಂಗ್, ನಾಯ್ಸ್ ರಿಡಕ್ಷನ್, ಡೈನಾಮಿಕ್ ಕಾಂಟ್ರಾಸ್ಟ್, ಬೆಳಕಿಗೆ ತಕ್ಕಂತೆ ಹೊಳಪು ಬದಲಿಸುವ ಇಕೊ ಮೋಡ್ ಎಲ್ಲವನ್ನೂ ಆಫ್ ಮಾಡಬೇಕು. ಟಿವಿಯ ನಾಯ್ಸ್ ರಿಡಕ್ಷನ್ ಆನ್ ಇಟ್ಟುಕೊಂಡು ಎಡಿಟ್‌ನ ನಾಯ್ಸ್ ರಿಡಕ್ಷನ್ ಅಳೆಯುವುದು ತಕ್ಕಡಿಯ ತಟ್ಟೆಯ ಮೇಲೆ ಕೈ ಇಟ್ಟು ತೂಗಿದ ಹಾಗೆ. ಶಾರ್ಪ್‌ನೆಸ್ ಮಾತ್ರ ಕಣ್ಣುಮುಚ್ಚಿ ಸೊನ್ನೆಗೆ ಇಳಿಸಬೇಡಿ. ಕೆಲವು ಟಿವಿಗಳಲ್ಲಿ ಸೊನ್ನೆಯೇ ತಟಸ್ಥ, ಇನ್ನು ಕೆಲವದರಲ್ಲಿ ಸೊನ್ನೆ ಎಂದರೆ ಮಬ್ಬು, ತಟಸ್ಥ ಬಿಂದು ನಡುವೆ ಇರುತ್ತದೆ. ನಡುಬೂದಿ ಹಿನ್ನೆಲೆಯ ಮೇಲೆ ಒಂದು ಪಿಕ್ಸೆಲ್ ದಪ್ಪದ ಕಪ್ಪು ಗೆರೆ ಹಾಕಿ ನೋಡಿ. ಗೆರೆಯ ಅಕ್ಕಪಕ್ಕ ಬೆಳ್ಳಗಿನ ಅಂಚು ಮೂಡಿದರೆ ಜಾಸ್ತಿ, ಗೆರೆ ಹರಡಿಕೊಂಡರೆ ಕಡಿಮೆ. ಅದೇ ಸ್ಟಿಲ್‌ನಲ್ಲಿ ನಾಲ್ಕೂ ಅಂಚಿಗೆ ಒಂದು ಪಿಕ್ಸೆಲ್ ಬಿಳಿ ಚೌಕಟ್ಟು ಹಾಕಿದರೆ ಓವರ್‌ಸ್ಕ್ಯಾನ್ (ಟಿವಿ ಚಿತ್ರವನ್ನು ಹಿಗ್ಗಿಸಿ ಅಂಚು ಕತ್ತರಿಸುವುದು) ಸಿಕ್ಕಿಬೀಳುತ್ತದೆ. ಚೌಕಟ್ಟಿನ ಒಂದು ಬದಿ ಕಾಣದಿದ್ದರೂ ಚಿತ್ರ ಹಿಗ್ಗಿದೆ ಎಂದೇ ಅರ್ಥ, ಹಿಗ್ಗಿದ ಚಿತ್ರದಲ್ಲಿ ಶಾರ್ಪನ್ ಫಿಲ್ಟರ್ ನೋಡಿ ಪ್ರಯೋಜನವಿಲ್ಲ.

ಬಣ್ಣದ ಅಳತೆಗೆ ರೆಕ್ 709ರಲ್ಲಿ (ಎಚ್‌ಡಿ ವಿಡಿಯೊದ ಬಣ್ಣದ ಮಾನದಂಡ) ಬಿಳುಪು ಡಿ65 (ಹಗಲು ಬೆಳಕಿನಂಥ ಬಿಳುಪು), ಮಂದ ಬೆಳಕಿನ ಕೋಣೆಯಲ್ಲಿ ಗಾಮಾ (ಕಪ್ಪಿನಿಂದ ಬಿಳುಪಿನವರೆಗೆ ಹೊಳಪು ಏರುವ ರೀತಿ) 2.4, ಬಿಳುಪಿನ ಹೊಳಪು 100 ನಿಟ್ (ಹೊಳಪಿನ ಅಳತೆ). ಕಲರಿಮೀಟರ್ (ಪರದೆಯ ಬಣ್ಣ ಅಳೆಯುವ ಸಾಧನ) ಇಡುವ ಮೊದಲು ಪರದೆ ಅರ್ಧ ಗಂಟೆ ಬೆಚ್ಚಗಾಗಿರಲಿ. ಆಪರೇಟಿಂಗ್ ಸಿಸ್ಟಂಗೆ ಹಾಕಿದ ಐಸಿಸಿ ಪ್ರೊಫೈಲ್ (ಪರದೆಯ ಬಣ್ಣದ ಗುಣ ವಿವರಿಸುವ ಫೈಲ್) ಡೆಕ್‌ಲಿಂಕ್‌ನಂಥ ಸಾಧನದ ಔಟ್‌ಪುಟ್‌ಗೆ ತಟ್ಟುವುದೇ ಇಲ್ಲ. ಅದಕ್ಕೆ 3ಡಿ ಲಟ್ (ಯಾವ ಬಣ್ಣವನ್ನು ಯಾವುದಕ್ಕೆ ಬದಲಿಸಬೇಕೆಂಬ ಕೋಷ್ಟಕ) ತಯಾರಿಸಿ ರಿಸಾಲ್ವ್‌ನ ವಿಡಿಯೊ ಮಾನಿಟರ್ ಲುಕಪ್ ಟೇಬಲ್ ಜಾಗದಲ್ಲಿ ಹಾಕಬೇಕು. ಅಲ್ಲಿ ಹಾಕಿದ್ದು ಎಕ್ಸ್‌ಪೋರ್ಟ್‌ಗೆ ಸೇರುವುದಿಲ್ಲ. ಅದನ್ನೇ ನೋಡ್ (ರಿಸಾಲ್ವ್‌ನಲ್ಲಿ ಚಿತ್ರ ತಿದ್ದುವ ಒಂದು ಹಂತ) ಒಳಗೆ ಹಾಕಿದರೆ ಫೈಲ್‌ಗೂ ಅಂಟಿಕೊಂಡು ನೋಡುವವರ ಪರದೆಯಲ್ಲೆಲ್ಲ ಬಣ್ಣ ವಾಲುತ್ತದೆ.

ಇಷ್ಟಾದ ಮೇಲೆ ಫಿಲ್ಟರ್. ಪ್ಲೇಬ್ಯಾಕ್ ರೆಸಲ್ಯೂಷನ್ ಫುಲ್ ಇರಬೇಕು. ಹಾಫ್ ಎಂದರೆ 1920 ಗುಣಿಸು 1080 ಚಿತ್ರ 960 ಗುಣಿಸು 540 ಆಗಿ ಕಾಲು ಭಾಗ ಪಿಕ್ಸೆಲ್ ಮಾತ್ರ ಉಳಿಯುತ್ತದೆ, ಬ್ಲರ್ ಮತ್ತು ಶಾರ್ಪನ್‌ನ ರೇಡಿಯಸ್ ಪಿಕ್ಸೆಲ್ ಲೆಕ್ಕದಲ್ಲಿದ್ದರೆ ಪರಿಣಾಮವೇ ಬೇರೆಯಾಗುತ್ತದೆ. ಪ್ರಾಕ್ಸಿ ಫೈಲ್‌ಗಳದ್ದೂ (ಮೂಲದ ಬದಲು ಬಳಸುವ ಹಗುರ ಪ್ರತಿಗಳು) ಇದೇ ಪಾಡು. ಫುಲ್‌ನಲ್ಲಿ ಓಡದೆ ಮುಗ್ಗರಿಸಿದರೆ ಕ್ಯಾಶ್ ಮಾಡಿಕೊಳ್ಳಿ, ಅಂದರೆ ಫಿಲ್ಟರ್ ಹಾಕಿದ ಚಿತ್ರವನ್ನು ಮೊದಲೇ ರೆಂಡರ್ ಮಾಡಿ ಉಳಿಸಿಕೊಳ್ಳಿ: ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನ ರೆಂಡರ್ ಕ್ಯಾಶ್, ಪ್ರೀಮಿಯರ್‌ನಲ್ಲಿ ಇನ್ ಮತ್ತು ಔಟ್ ಹಾಕಿ ಪ್ರಿವ್ಯೂ ರೆಂಡರ್. ಕ್ಯಾಶ್ ಫಾರ್ಮ್ಯಾಟ್ ಪ್ರೊರೆಸ್ 422 ಎಚ್‌ಕ್ಯೂ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್ ಇರಲಿ. ಡಿಎನ್‌ಎಕ್ಸ್‌ಎಚ್‌ಆರ್ ಎಸ್‌ಕ್ಯೂ 8 ಬಿಟ್‌ನದು, ಆಕಾಶದಲ್ಲಿ ಪಟ್ಟೆಪಟ್ಟೆ ಕಂಡಾಗ ಅದು ಫಿಲ್ಟರಿನದೋ ಕ್ಯಾಶಿನದೋ ಹೇಳಲಾಗುವುದಿಲ್ಲ. ಪ್ರೀಮಿಯರ್‌ನ ಹಳೆಯ ಪ್ರಿಸೆಟ್‌ಗಳಲ್ಲಿ ಪ್ರಿವ್ಯೂ ಫಾರ್ಮ್ಯಾಟ್ ಐ-ಫ್ರೇಮ್ ಓನ್ಲಿ ಎಂಪೆಗ್ ಎಂದಿರುತ್ತದೆ. ಅದನ್ನು ಬದಲಿಸದೆ ಎಕ್ಸ್‌ಪೋರ್ಟ್‌ನಲ್ಲಿ ಯೂಸ್ ಪ್ರಿವ್ಯೂಸ್‌ಗೆ ಟಿಕ್ ಹಾಕಿದರೆ ಆ ಕಳಪೆ ಚಿತ್ರವೇ ಅಂತಿಮ ಫೈಲ್‌ಗೆ ಹೋಗುತ್ತದೆ.

ಕ್ರಮದಲ್ಲಿ ನಾಯ್ಸ್ ರಿಡಕ್ಷನ್ ಮೊದಲು, ಗ್ರೇಡ್ (ಬಣ್ಣ, ಹೊಳಪು ತಿದ್ದುವುದು) ನಡುವೆ, ಶಾರ್ಪನ್ ಮತ್ತು ಗ್ರೇನ್ ಕೊನೆಗೆ. ಗ್ರೇಡ್ ಮುಂಚೆ ಮಾಡಿದರೆ ಎತ್ತಿದ ನೆರಳಿನಲ್ಲಿ ನಾಯ್ಸ್ ದಪ್ಪ, ಉಳಿದೆಡೆ ತೆಳು ಆಗಿ ಒಂದೇ ಅಳತೆ ಎಲ್ಲಕ್ಕೂ ಹೊಂದುವುದಿಲ್ಲ. ಶಾರ್ಪನ್ ಮುಂಚೆ ಹಾಕಿದರೆ ನಾಯ್ಸ್‌ಗೇ ಅಂಚು ಮೂಡಿ, ರಿಡಕ್ಷನ್ ಫಿಲ್ಟರ್ ಅದನ್ನು ಚಿತ್ರದ ವಿವರವೆಂದು ಉಳಿಸಿಕೊಳ್ಳುತ್ತದೆ. ಟೆಂಪೊರಲ್ ನಾಯ್ಸ್ ರಿಡಕ್ಷನ್ ಅಕ್ಕಪಕ್ಕದ ಫ್ರೇಮ್‌ಗಳನ್ನು ಹೋಲಿಸಿ ಕೆಲಸ ಮಾಡುವುದರಿಂದ ನಿಲ್ಲಿಸಿದ ಫ್ರೇಮ್ ನೋಡಿ ತೀರ್ಪು ಕೊಡುವಂತಿಲ್ಲ. ಕೈ ಬೀಸುವ ಅಥವಾ ತಲೆ ತಿರುಗಿಸುವ ಐದು ಸೆಕೆಂಡ್ ತುಣುಕನ್ನು ಲೂಪ್‌ನಲ್ಲಿ ಓಡಿಸಿ. ಕೈಯ ಹಿಂದೆ ಮಂಜಿನ ಬಾಲ ಕಂಡರೆ ಟೆಂಪೊರಲ್ ಮಿತಿಮೀರಿದೆ. ಕೆನ್ನೆ ಮೇಣದ ಗೊಂಬೆಯಂತಾದರೆ ಸ್ಪೇಷಿಯಲ್ (ಒಂದೇ ಫ್ರೇಮಿನೊಳಗೆ ನಾಯ್ಸ್ ತಗ್ಗಿಸುವ ವಿಧ) ಮಿತಿಮೀರಿದೆ. ಗೋಡೆಯ ಮೇಲಿನ ನಾಯ್ಸ್ ನಿಂತು, ಮುಖದ ಮೇಲಿನದು ಮಾತ್ರ ಕುದಿಯುತ್ತಿದ್ದರೆ ಮೋಷನ್ ಥ್ರೆಶೋಲ್ಡ್ (ಎಷ್ಟು ಚಲನೆಯವರೆಗೆ ಫಿಲ್ಟರ್ ಕೆಲಸ ಮಾಡಬೇಕೆಂಬ ಮಿತಿ) ತುಂಬ ಕೆಳಗಿದೆ. ಫುಲ್ ಎಚ್‌ಡಿ ಚಿತ್ರವನ್ನು ಪರದೆಯ ಎತ್ತರದ ಸುಮಾರು 3 ಪಟ್ಟು ದೂರದಿಂದ ನೋಡಬೇಕು. 24 ಇಂಚಿನ ಮಾನಿಟರ್‌ನ ಎತ್ತರ ಸುಮಾರು 30 ಸೆಂಟಿಮೀಟರ್, ಹಾಗಾಗಿ 90 ಸೆಂಟಿಮೀಟರ್. ಮೂಗು ತಾಗಿಸಿ ನೋಡಿದರೆ ಎಲ್ಲ ಫಿಲ್ಟರೂ ಅತಿಯಾಗಿ ಹಾಕಬೇಕು ಎನಿಸುತ್ತದೆ.

ಧ್ವನಿ ಹೊಂದದಿದ್ದರೆ ಟಿವಿಯ ಒಳಗಿನ ಸಂಸ್ಕರಣೆ ಕಾರಣ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್. ಒಂದು ಬಿಳಿ ಫ್ರೇಮ್ ಮತ್ತು ಅದೇ ಜಾಗದಲ್ಲಿ ಬೀಪ್ ಇಟ್ಟು, ಸಾಫ್ಟ್‌ವೇರ್‌ನ ಆಫ್‌ಸೆಟ್ ಅನ್ನು 40ರಂತೆ ಏರಿಸುತ್ತ ಹೊಂದಿಸಿ. ಕ್ಲಿಪ್ಪಿನ ಧ್ವನಿಯನ್ನು ಟೈಮ್‌ಲೈನ್‌ನಲ್ಲಿ ಸರಿಸಲು ಹೋಗಬೇಡಿ.

ಕೊನೆಗೆ ಎಕ್ಸ್‌ಪೋರ್ಟ್ ಆದ ಫೈಲ್ ಅನ್ನು ಅದೇ ಟೈಮ್‌ಲೈನ್‌ನ ಮೇಲಿನ ಟ್ರ್ಯಾಕ್‌ನಲ್ಲಿಟ್ಟು ಬ್ಲೆಂಡ್ ಮೋಡ್ ಡಿಫರೆನ್ಸ್ ಮಾಡಿ. ಎರಡೂ ಒಂದೇ ಆಗಿದ್ದರೆ ಪರದೆ ಪೂರ್ತಿ ಕಪ್ಪು. ಎರಡರ ಮೇಲೂ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ ಗೇನ್ ಏರಿಸಿದಾಗ ಕಾಣುವ ಚೆದುರಿದ ಚುಕ್ಕಿಗಳು ಕಂಪ್ರೆಷನ್‌ನ ಶೇಷ, ಅದಕ್ಕೆ ಚಿಂತೆ ಬೇಡ. ಚಿತ್ರದ ಅಂಚುಗಳು ಮಾತ್ರ ಬೆಳ್ಳಗೆ ಮಿನುಗಿದರೆ ಫೈಲ್ ಒಂದು ಫ್ರೇಮ್ ಸರಿದು ಕೂತಿದೆ. ಇಡೀ ಚಿತ್ರವೇ ಮಸುಕಾಗಿ ಕಂಡರೆ ಎಕ್ಸ್‌ಪೋರ್ಟ್‌ನ ಡೇಟಾ ಲೆವೆಲ್ ತಪ್ಪಿದೆ. ಒಂದೇ ಒಂದು ಶಾಟ್‌ನಲ್ಲಿ ಮಾತ್ರ ನಾಯ್ಸ್ ಮೂಡಿ, ಉಳಿದದ್ದೆಲ್ಲ ಕಪ್ಪಾಗಿದ್ದರೆ ಆ ಶಾಟ್‌ನ ಹಳೆಯ ಕ್ಯಾಶ್ ಅಳಿಸಿ ಮತ್ತೆ ರೆಂಡರ್ ಮಾಡಿ.