ಚಂಡಮಾರುತದ ಸೀಮೆಯಲ್ಲಿ ಏಳು ಕಿಟಕಿ ಬದಲಿಸಿದ ಅನುಭವ

ಊರಿನಲ್ಲಾದರೆ ಕಿಟಕಿ ಬದಲಿಸಲು ಬಡಗಿಯನ್ನು ಕರೆದರೆ ಸಾಕು. ದಕ್ಷಿಣ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿರುವ ನಮ್ಮ ಹಳೆಯ ಕಾಂಕ್ರೀಟ್ ಬ್ಲಾಕ್ ಮನೆಯ ಏಳು ಕಿಟಕಿಗಳಿಗೆ ಮಾತ್ರ ಕಟ್ಟಡ ಪರವಾನಗಿ ಬೇಕಾಯಿತು.

1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತ ಸಾವಿರಾರು ಮನೆಗಳನ್ನು ನೆಲಸಮ ಮಾಡಿದ ಮೇಲೆ ಇಲ್ಲಿನ ನಿಯಮಗಳು ಬಿಗಿಯಾದವು. 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಜಾರಿಗೆ ಬಂದಿತು. ಕಿಟಕಿ ಒಡೆದು ಗಾಳಿ ಒಳನುಗ್ಗಿದರೆ ಅದು ಚಾವಣಿಯನ್ನು ಕೆಳಗಿನಿಂದ ನೂಕುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ. ಆದ್ದರಿಂದಲೇ ಸುಮಾರು 4 ಕಿಲೋ ತೂಕದ ಮರದ ತೊಲೆಯನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ಗಾಜಿಗೆ ಹೊಡೆದು ಪರೀಕ್ಷಿಸುತ್ತಾರೆ.

ಗುತ್ತಿಗೆದಾರನಿಲ್ಲದೆ, ವಾಸವಿರುವ ಮಾಲೀಕನಾಗಿ ನಾನೇ ಅರ್ಜಿ ಹಾಕಿದೆ. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಕೆಲಸ ಮುಗಿದ ಒಂದು ವರ್ಷದೊಳಗೆ ಮನೆಯನ್ನು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಮನೆಯ ನಕ್ಷೆಯಲ್ಲಿ ಪ್ರತಿ ಕಿಟಕಿಯ ಅಳತೆಯನ್ನೂ ಅದು ತಡೆಯಬೇಕಾದ ಗಾಳಿಯ ಒತ್ತಡವನ್ನೂ ಬರೆದು, ಅದರೊಂದಿಗೆ ತಯಾರಕರ ಅನುಮೋದನಾ ಪತ್ರವನ್ನು ಲಗತ್ತಿಸಬೇಕಿತ್ತು. ಗೋಡೆಯ ನಡುವಿಗಿಂತ ಮೂಲೆಯಲ್ಲಿ ಗಾಳಿಯ ಸೆಳೆತ ಹೆಚ್ಚು. ಒಂದೇ ಅಳತೆಯ ಎರಡು ಕಿಟಕಿಗಳಿಗೆ ಬೇರೆ ಬೇರೆ ಅಂಕಿ ಬರುವುದು ಅದರಿಂದಲೇ ಎಂಬುದು ನನಗೆ ಗೊತ್ತಾಗಿದ್ದು ಆಗ.

ಗಾಜು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಗೋಡೆಗೆ ಹಿಡಿದಿಡುವುದು ಸ್ಕ್ರೂ. ನಾನು ಎಡವಿದ್ದೂ ಅಲ್ಲಿಯೇ. ನಮ್ಮ ಕಿಟಕಿಯ ಅನುಮೋದನಾ ಪತ್ರದ ಪ್ರಕಾರ ಸ್ಕ್ರೂ ಬ್ಲಾಕಿನೊಳಗೆ ಒಂದೂಕಾಲು ಇಂಚು ಇಳಿಯಬೇಕು. ಗಾರೆಯ ದಪ್ಪವಾಗಲಿ, ಚೌಕಟ್ಟಿನ ಹಿಂದಿನ ಮರದ ಪಟ್ಟಿಯಾಗಲಿ ಲೆಕ್ಕಕ್ಕಿಲ್ಲ. ನಾನು ಅವೆರಡನ್ನೂ ಸೇರಿಸಿ ಅಳೆದಿದ್ದೆ. ತಪಾಸಣೆಗೆ ಬಂದವರು ಒಂದು ಸ್ಕ್ರೂ ಬಿಚ್ಚಿಸಿ, ಅದರ ತುದಿಗೆ ಅಂಟಿದ್ದ ಬೂದು ಪುಡಿ ಎಲ್ಲಿಯವರೆಗೆ ಇದೆಯೆಂದು ಹೆಬ್ಬೆರಳಿನಿಂದ ತೋರಿಸಿದರು: ಅರ್ಧ ಇಂಚೂ ಇರಲಿಲ್ಲ. ಸಾಲದ್ದಕ್ಕೆ, ಗಾಜಿನ ಮೇಲಿನ ಅನುಮೋದನೆಯ ಚೀಟಿಗಳನ್ನು ಎರಡು ಕಿಟಕಿಗಳಿಂದ ನನ್ನಾಕೆ ಚೊಕ್ಕಟವಾಗಿ ಕಿತ್ತುಬಿಟ್ಟಿದ್ದಳು. ಕಸದ ಡಬ್ಬಿಯಿಂದ ಅವನ್ನು ಹುಡುಕಿ ತಂದದ್ದಾಯಿತು.

ಪುಣ್ಯಕ್ಕೆ, ತಪಾಸಣೆಗೆ ಮುನ್ನ ಗಾರೆ ಮೆತ್ತಿರಲಿಲ್ಲ, ಮೆತ್ತಿದ್ದರೆ ಒಡೆಯಬೇಕಾಗುತ್ತಿತ್ತು. ಉದ್ದದ ಸ್ಕ್ರೂ ತಂದು, ಪ್ರತಿ ತೂತನ್ನೂ ಆಳಗೊಳಿಸಿ, ಒಳಗಿನ ಪುಡಿಯನ್ನು ಊದಿ ತೆಗೆದು ಮತ್ತೆ ಕೂರಿಸಲು ಎರಡು ವಾರಾಂತ್ಯಗಳು ಬೇಕಾದವು. ಅಂತಿಮ ಸಹಿ ಬಿದ್ದ ಸಂಜೆ ಉಳಿದ ಐದು ಚೀಟಿಗಳನ್ನು ನಾನೇ ಕಿತ್ತೆ.