ಡಿಲೀಟ್ ಮಾಡಿದರೂ ಡಿಸ್ಕ್ ಖಾಲಿ ಆಗ್ತಿಲ್ವಾ? ಪೋಸ್ಟ್‌ಗ್ರೆಸ್ ಬಳಸುವವರಿಗೆ

ಡಿಸ್ಕ್ ಶೇ. 92 ತುಂಬಿದೆ ಅಂತ ರಾತ್ರಿ ಅಲರ್ಟ್ ಬಂತು. ನನ್ನ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಎರಡು ವರ್ಷಕ್ಕಿಂತ ಹಳೆಯ ಲಾಗ್ (ಏನೇನು ನಡೆಯಿತು ಎಂಬ ದಾಖಲೆ) ಸಾಲುಗಳನ್ನೆಲ್ಲ ಒಂದೇ ಏಟಿಗೆ ಡಿಲೀಟ್ ಮಾಡಲು ಬಿಟ್ಟೆ. ಅರ್ಧ ಗಂಟೆ ಕಳೆದು ನೋಡಿದರೆ ಶೇ. 97! ಆ ಗಾಬರಿ ಇನ್ನೊಬ್ಬರಿಗೆ ಬೇಡ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಅಂದರೆ ಸಾಲಿನ ಮೇಲೆ ‘ಇದು ಸತ್ತಿದೆ’ ಅಂತ ಗುರುತು ಹಾಕುವುದು, ಅಷ್ಟೇ. ಸಾಲು ಫೈಲಿನಲ್ಲಿ ಇದ್ದಲ್ಲೇ ಇರುತ್ತದೆ. ಹಾಕಿದ ಪ್ರತಿ ಗುರುತಿಗೂ ವಾಲ್ (WAL, ಬದಲಾವಣೆಗಳನ್ನು ಮೊದಲೇ ಬರೆದಿಡುವ) ಫೈಲಿನಲ್ಲಿ ದಾಖಲೆ ಬೇರೆ. ನನ್ನ ಡಿಸ್ಕ್ ಏರಿದ್ದು ಅದರಿಂದಲೇ. ರೆಪ್ಲಿಕಾ (ಡೇಟಾಬೇಸಿನ ಇನ್ನೊಂದು ಪ್ರತಿ ಇಡುವ ಸರ್ವರ್) ಹಿಂದೆ ಬಿದ್ದಿದ್ದು, ಅದಕ್ಕೆ ರೆಪ್ಲಿಕೇಶನ್ ಸ್ಲಾಟ್ (ಅದು ಎಲ್ಲಿಯವರೆಗೆ ಓದಿದೆ ಎಂಬ ಗುರುತು) ಇದ್ದರೆ, ಅದು ಓದಿ ಮುಗಿಸುವವರೆಗೆ ವಾಲ್ ಹೋಗುವುದೇ ಇಲ್ಲ. ಹಾಗಂತ ವಾಲ್ ಫೋಲ್ಡರಿನ ಫೈಲುಗಳನ್ನು ಕೈಯಾರೆ ತೆಗೆಯಬೇಡಿ, ಡೇಟಾಬೇಸೇ ಕೆಡುತ್ತದೆ.

ಸತ್ತ ಸಾಲುಗಳ ಜಾಗ ಬಿಡಿಸುವುದು ವ್ಯಾಕ್ಯೂಮ್ ಅನ್ನುವ ಕಮಾಂಡ್. ಆದರೆ ಆ ಜಾಗ ಸಿಗುವುದು ಅದೇ ಟೇಬಲ್ಲಿನ ಹೊಸ ಸಾಲುಗಳಿಗೆ, ಡಿಸ್ಕಿಗಲ್ಲ. ಫೈಲಿನ ಕೊನೆಯ ಪುಟಗಳು ಪೂರ್ತಿ ಖಾಲಿಯಾಗಿದ್ದರೆ ಮಾತ್ರ ಅಷ್ಟನ್ನು ಕತ್ತರಿಸಿ ಹಿಂದಿರುಗಿಸುತ್ತದೆ. ಲಾಗ್ ಟೇಬಲ್ಲಿನಲ್ಲಿ ಹಳೇದು ಸಾಮಾನ್ಯವಾಗಿ ಫೈಲಿನ ಮೊದಲಲ್ಲಿರುತ್ತದೆ, ಹೊಸದು ಕೊನೆಯಲ್ಲಿ, ಹಾಗಾಗಿ ಆ ಅದೃಷ್ಟ ನಮಗಿಲ್ಲ. ಆದರೂ ಟೇಬಲ್ ಮುಂದೆಯೂ ಇದೇ ವೇಗದಲ್ಲಿ ಬೆಳೆಯುವುದಾದರೆ ಇಷ್ಟು ಸಾಕು, ಕೆಲವು ತಿಂಗಳು ಫೈಲ್ ಬೆಳೆಯುವುದಿಲ್ಲ.

ಡಿಸ್ಕಿಗೇ ಜಾಗ ಬೇಕೆಂದರೆ ವ್ಯಾಕ್ಯೂಮ್ ಫುಲ್ ಇದೆ. ತುಂಬಿದ ಡಿಸ್ಕಿನಲ್ಲಿ ಸುಮ್ನೆ ಓಡಿಸಬೇಡಿ. ಅದು ಉಳಿದ ಸಾಲುಗಳನ್ನೆಲ್ಲ ಹೊಸ ಫೈಲಿಗೆ ಬರೆದು, ಇಂಡೆಕ್ಸ್‌ಗಳನ್ನೂ (ಸಾಲುಗಳನ್ನು ಬೇಗ ಹುಡುಕಲು ಇರುವ ಪಟ್ಟಿಗಳು) ಮತ್ತೆ ಕಟ್ಟಿ, ಆಮೇಲಷ್ಟೇ ಹಳೇದನ್ನು ಬಿಡುತ್ತದೆ. 300 ಜಿಬಿ ಟೇಬಲ್ಲಿನಲ್ಲಿ 100 ಜಿಬಿ ಉಳಿಯುವುದಿದ್ದು ಡಿಸ್ಕಿನಲ್ಲಿ 40 ಜಿಬಿ ಮಾತ್ರ ಖಾಲಿ ಇದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಅಲ್ವಾ? ಓಡುವಷ್ಟು ಹೊತ್ತೂ ಆ ಟೇಬಲ್ಲನ್ನು ಯಾರೂ ಓದಲೂ ಆಗುವುದಿಲ್ಲ. ಇದೇ ಕೆಲಸ ಮಾಡುವ ಪಿಜಿ ರೀಪ್ಯಾಕ್ (pg_repack) ಎಂಬ ಎಕ್ಸ್‌ಟೆನ್ಷನ್ ಬಳಸಿದರೆ ಹೀಗೆ ಟೇಬಲ್ಲಿಗೆ ಬೀಗ ಬೀಳುವ (ಲಾಕ್) ತಾಪತ್ರಯ ಕಡಿಮೆ, ಆದರೆ ಜಾಗ ಅದಕ್ಕೂ ಬೇಕು.

ನಾನು ಈಗ ಮಾಡುವುದು ಹೀಗೆ: ಮೊದಲು ಟೇಬಲ್ಲಿನ ಅಳತೆ, ಖಾಲಿ ಜಾಗ ಎರಡನ್ನೂ ನೋಡುತ್ತೇನೆ. ಬೆಳಗ್ಗೆಯಿಂದ ತೆರೆದೇ ಇರುವ ಟ್ರಾನ್ಸಾಕ್ಷನ್ (ಒಂದೇ ಘಟಕವಾಗಿ ನಡೆಯುವ ಕೆಲಸಗಳ ಗುಂಪು) ಇದ್ದರೆ ಮುಚ್ಚಿಸುತ್ತೇನೆ. ಅದು ಶುರುವಾದ ಮೇಲೆ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ಮುಟ್ಟುವುದಿಲ್ಲ. ಆಮೇಲೆ ಹತ್ತು ಸಾವಿರ ಸಾಲುಗಳಂತೆ ಡಿಲೀಟ್, ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವುದು), ಸ್ವಲ್ಪ ವಿರಾಮ. ಇಲ್ಲಿ ಡಿಲೀಟ್‌ಗೆ ನೇರವಾಗಿ ಲಿಮಿಟ್ (ಇಷ್ಟೇ ಸಾಲು ಎಂಬ ಮಿತಿ) ಹಾಕಲು ಬರುವುದಿಲ್ಲ, ಐಡಿಗಳನ್ನು ಸಬ್‌ಕ್ವೆರಿಯಲ್ಲಿ (ಕಮಾಂಡಿನ ಒಳಗೊಂದು ಹುಡುಕಾಟ) ಆರಿಸಿ ಕೊಡಬೇಕು. ನಡುನಡುವೆ ವ್ಯಾಕ್ಯೂಮ್.

ಹೊಸ ಲಾಗ್ ಟೇಬಲ್ ಮಾಡುವವರು ದಯವಿಟ್ಟು ತಿಂಗಳಿಗೊಂದು ಪಾರ್ಟಿಷನ್ (ಟೇಬಲ್ಲಿನ ಪ್ರತ್ಯೇಕ ತುಂಡು) ಇಡಿ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಇದು ಸಲೀಸು. ಹಳೇ ತಿಂಗಳನ್ನು ಡ್ರಾಪ್ ಮಾಡಿದರೆ ಫೈಲೇ ಹೋಗುತ್ತದೆ, ವ್ಯಾಕ್ಯೂಮ್ ಗೋಜೇ ಇಲ್ಲ. ಒಂದೇ ಮಾತು: ಪ್ರೈಮರಿ ಕೀಯಲ್ಲಿ (ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಕಾಲಮ್‌ಗಳು) ತಾರೀಖಿನ ಕಾಲಮ್ಮನ್ನೂ ಸೇರಿಸಲೇಬೇಕು, ಟೇಬಲ್ ಬರೆಯುವಾಗಲೇ ಅದನ್ನು ಹಾಕಿಬಿಡಿ.